ಬಾಯಿ ಬಿಟ್ಟರೆ ಬಣ್ಣಗೇಡು: ‘ಸಂವಹನ ಕೌಶಲ್ಯ’ವೆಂಬ ಹೊಸ ಮಡಿ

1

ನಮ್ಮ ಜನರ ಬಾಯಲ್ಲಿ ಎರಡು ಗಾದೆಗಳಿವೆ. ‘ಬಾಯಿದ್ದೋನು ಬರಗಾಲದಲ್ಲೂ ಬದುಕಿದ’ ಅನ್ನೋದು ಒಂದು. ‘ಬಾಯಿ ಬಿಟ್ಟರೆ ಬಣ್ಣಗೇಡು’ ಅನ್ನೋದು ಇನ್ನೊಂದು. ಮೊದಲನೆಯದು ಊರಿನ ಬಾಯಿಗೆ, ಎರಡನೆಯದು ಕೇರಿಯ ಬಾಯಿಗೆ ಎಂದು ಯಾರೂ ಎಲ್ಲೂ ಬರೆದಿಟ್ಟಿಲ್ಲ. ಆದರೆ ಪದವಿ ಮುಗಿಸಿ ಕೆಲಸ ಹುಡುಕಿಕೊಂಡು ಬೆಂಗಳೂರಿಗೆ ಬರುವ ನಮ್ಮ ಹುಡುಗ ಹುಡುಗಿಯರಿಗೆ ಈ ಹಂಚಿಕೆ ಇನ್ನೂ ಜಾರಿಯಲ್ಲಿದೆ ಎಂಬುದು ಮೊದಲ ಸಂದರ್ಶನದಲ್ಲೇ ಗೊತ್ತಾಗುತ್ತದೆ.

ಹನುಮಂತನಗರವನ್ನೇ ತೆಗೆದುಕೊಳ್ಳಿ. ಒಂದು ಕಡೆ ರಾಮಾಂಜನೇಯ ಗುಡ್ಡ, ಇನ್ನೊಂದು ಕಡೆ ಕುಮಾರಸ್ವಾಮಿ ಗುಡ್ಡ. 50 ಅಡಿ ರಸ್ತೆಯಲ್ಲಿ ಪಿ.ಇ.ಎಸ್., ಸ್ವಲ್ಪ ಆಚೆ ಬುಲ್ ಟೆಂಪಲ್ ರಸ್ತೆಯಲ್ಲಿ 1946ರಲ್ಲಿ ಶುರುವಾದ ಬಿ.ಎಂ.ಎಸ್. ಇಂಜಿನಿಯರಿಂಗ್ ಕಾಲೇಜು, ಬಸವನಗುಡಿಯಲ್ಲಿ 1945ರಷ್ಟು ಹಳೆಯ ನ್ಯಾಷನಲ್ ಕಾಲೇಜು. ಇಷ್ಟು ಕಾಲೇಜುಗಳಿದ್ದ ಮೇಲೆ ಕಂಬಕ್ಕೊಂದು ಚೀಟಿ, ಮಹಡಿಗೊಂದು ಬೋರ್ಡು ಇರಲೇಬೇಕಲ್ಲ. ಸ್ಪೋಕನ್ ಇಂಗ್ಲಿಷ್, ಪರ್ಸನಾಲಿಟಿ ಡೆವಲಪ್‌ಮೆಂಟ್, ಇಂಟರ್‌ವ್ಯೂ ಸ್ಕಿಲ್ಸ್. ಬೆಳಗಿನ ಜಾವ ಈ ಬೀದಿಗಳನ್ನು ಗುಡಿಸುವ ಪೌರಕಾರ್ಮಿಕರಲ್ಲಿ ಬಹುಪಾಲು ನಮ್ಮ ಕೇರಿಯ ತಾಯಂದಿರು. ಅವರ ಮಕ್ಕಳಲ್ಲಿ ಈಗ ಬಿ.ಕಾಂ. ಮಾಡಿದವರಿದ್ದಾರೆ, ಬಿ.ಸಿ.ಎ. ಮಾಡಿದವರಿದ್ದಾರೆ. ತಾಯಿ ಗುಡಿಸಿದ ಬೀದಿಯಲ್ಲೇ ಮಗಳು ದುಡ್ಡು ಕಟ್ಟಿ ‘ಮಾತಾಡೋದು’ ಕಲಿಯಲು ಹೋಗಬೇಕಾಗಿದೆ.

ಕಲಿಯುವುದು ತಪ್ಪೆಂದು ಯಾರೂ ಹೇಳುತ್ತಿಲ್ಲ. ಈ ಪಾಠವನ್ನು ನಾವು ಇದುವರೆಗೆ ಓದಿಲ್ಲ ಎಂಬುದು ಇಲ್ಲಿಯ ಮಾತು. ಒಂದು ಕಾದಂಬರಿಯನ್ನು ಕೈಗೆತ್ತಿಕೊಂಡರೆ ಇದು ಯಾರ ಕಣ್ಣಿನಿಂದ ಬರೆದದ್ದು, ಇದರಲ್ಲಿ ಯಾರಿಗೆ ಮಾತಿದೆ, ಯಾರು ಬರೀ ಹಿನ್ನೆಲೆಯಾಗಿ ನಿಂತಿದ್ದಾರೆ ಎಂದು ಕೇಳುತ್ತೇವೆ. ಬಂಡಾಯದ ವಿಮರ್ಶೆ ನಮಗೆ ಕಲಿಸಿದ್ದೇ ಅದು. ಲಕ್ಷಾಂತರ ಯುವಕರ ಹೊಟ್ಟೆಪಾಡನ್ನು ನಿರ್ಧರಿಸುವ ಈ ‘ಸಂವಹನ ಕೌಶಲ್ಯ’, ಈ ‘ನೆಟ್‌ವರ್ಕಿಂಗ್’ ಎಂಬ ಪಠ್ಯಕ್ಕೆ ಮಾತ್ರ ಆ ಪ್ರಶ್ನೆಗಳನ್ನು ಹಾಕದೆ ಬಿಟ್ಟಿದ್ದೇವೆ. ಆ ಕೆಲಸವನ್ನು ಈಗ ಮಾಡೋಣ.

2

ಈ ಪಾಠದ ಮೊದಲ ಅಧ್ಯಾಯ ದೇಹದ್ದು. ಎದುರಿಗಿರುವವರ ಕಣ್ಣಲ್ಲಿ ಕಣ್ಣಿಟ್ಟು ಮಾತಾಡು. ಕೈಕಟ್ಟಿ ನಿಲ್ಲಬೇಡ. ಕುರ್ಚಿಯ ತುದಿಯಲ್ಲಿ ಕೂರಬೇಡ. ದನಿ ತಗ್ಗಿಸಬೇಡ. ಇಷ್ಟನ್ನೂ ಕಲಿಸುವವರು ‘ನಿನಗೆ ಆತ್ಮವಿಶ್ವಾಸ ಕಮ್ಮಿ’ ಎಂದು ಷರಾ ಬರೆಯುತ್ತಾರೆ. ಅದೊಂದು ಮನೋರೋಗವೋ, ಹುಟ್ಟಿನ ಕೊರತೆಯೋ ಎಂಬಂತೆ.

ಈ ಹುಡುಗನ ಅಜ್ಜ ಗೌಡರ ಜಗಲಿಯ ಮುಂದೆ ಹೋಗುವಾಗ ಚಪ್ಪಲಿ ಬಿಟ್ಟು ಹೋಗುತ್ತಿದ್ದ. ಹೆಗಲ ಮೇಲಿನ ಟವೆಲನ್ನು ಕಂಕುಳಿಗೆ ಇಳಿಸುತ್ತಿದ್ದ. ತಲೆ ಎತ್ತಿ ನೋಡಿದರೆ ಅಹಂಕಾರ, ದನಿ ಎತ್ತಿದರೆ ಉದ್ಧಟತನ, ಕೂತರೆ ಅಪರಾಧ. ಕಣ್ಣು ತಗ್ಗಿಸುವುದನ್ನು ಹೊಡೆದು ಕಲಿಸಲಾಯಿತು. ನೂರಾರು ವರ್ಷ ಬೆತ್ತ ಹಿಡಿದು ಕಲಿಸಿದ ಈ ಪಾಠವನ್ನು ಮೊಮ್ಮಗ 30 ದಿನದ ಕೋರ್ಸಿನಲ್ಲಿ ಮರೆಯಬೇಕು. ಮರೆಯಲಾಗದಿದ್ದರೆ ಅವನೇ ಅಸಮರ್ಥ. ಕಣ್ಣು ತಗ್ಗಿಸಿದ್ದಕ್ಕೆ ಕಾರಣವಾದ ವ್ಯವಸ್ಥೆಯ ಹೆಸರು ಈ ಪಾಠದಲ್ಲಿ ಎಲ್ಲೂ ಬರುವುದಿಲ್ಲ. ದೇಹಕ್ಕೊಂದು ಚರಿತ್ರೆ ಇದೆ ಎಂಬುದನ್ನು ಒಪ್ಪಿಕೊಂಡರೆ ಕೊರತೆ ಯಾರದ್ದೆಂಬ ಪ್ರಶ್ನೆ ತಿರುಗಿ ನಿಲ್ಲುತ್ತದೆ.

ಎರಡನೆಯ ಅಧ್ಯಾಯ ನಾಲಗೆಯದ್ದು. ಕಾಲ್ ಸೆಂಟರಿನ ತರಬೇತಿಯಲ್ಲಿ ಎಂ.ಟಿ.ಐ. ಎಂಬ ಮೂರಕ್ಷರದ ಕಾಯಿಲೆಯೊಂದಿದೆ. ಮದರ್ ಟಂಗ್ ಇನ್‌ಫ್ಲುಯೆನ್ಸ್. ಅಂದರೆ ಇಂಗ್ಲಿಷ್ ಮಾತಿಗೆ ತಾಯಿನುಡಿ ತಗುಲಿಕೊಂಡಿರುವುದು. ಅದನ್ನು ತೊಳೆದು ತೆಗೆದರೆ ಉಳಿಯುವುದು ‘ನ್ಯೂಟ್ರಲ್’ ಉಚ್ಚಾರಣೆಯಂತೆ. ಶಬ್ದಗಳನ್ನು ಗಮನಿಸಿ. ತಗುಲುವುದು, ತೊಳೆಯುವುದು, ಶುದ್ಧವಾಗುವುದು. ಇವು ನಮಗೆ ಹೊಸ ಶಬ್ದಗಳೇ? ಹಳೆಯ ಮಡಿಯ ನಿಘಂಟು ಹವಾನಿಯಂತ್ರಿತ ಕೋಣೆಯಲ್ಲಿ ಕೂತಿದೆ, ಅಷ್ಟೆ. ಮುಟ್ಟಿದರೆ ಮೈಲಿಗೆ ಎನ್ನುವುದನ್ನು ಸಂವಿಧಾನ ಅಪರಾಧವೆಂದಿತು. ತಾಯಿಯ ನಾಲಗೆ ಮುಟ್ಟಿದರೆ ಮೈಲಿಗೆ ಎನ್ನುವುದಕ್ಕೆ ಯಾವ ಕಾನೂನೂ ಇಲ್ಲ.

ಇಂಗ್ಲಿಷಿನ ಮಾತು ಬಿಡಿ, ಕನ್ನಡದಲ್ಲೇ ಇದಿದೆ. ಮಂಡ್ಯ, ಮೈಸೂರು ಕಡೆಯ ಹುಡುಗ ಹಾಲಿಗೆ ‘ಆಲು’ ಅಂದರೆ ತರಗತಿಯೇ ನಗುತ್ತದೆ. ಕಲಬುರಗಿಯ ಹುಡುಗಿ ತನ್ನ ಕನ್ನಡದಲ್ಲಿ ಉತ್ತರ ಕೊಟ್ಟರೆ ‘ಸರಿಯಾಗಿ ಕನ್ನಡ ಮಾತಾಡಮ್ಮ’ ಎಂಬ ಬುದ್ಧಿಮಾತು ಬರುತ್ತದೆ. ಹಾಗಾದರೆ ಸರಿಯಾದ ಕನ್ನಡ ಯಾವುದು? ಬಸವನಗುಡಿ, ಮಲ್ಲೇಶ್ವರದ ಪಡಸಾಲೆಗಳಲ್ಲಿ ಆಡಿದ್ದು. ದೇವನೂರ ಮಹಾದೇವರ ‘ಕುಸುಮಬಾಲೆ’ 1984ರಲ್ಲಿ ಬಂತು. ನಂಜನಗೂಡಿನ ಸೀಮೆಯ ದಲಿತರ ಬಾಯಿಮಾತಿನಲ್ಲೇ ಬರೆದ ಆ ಪುಸ್ತಕಕ್ಕೆ 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅದೇ ನುಡಿಯನ್ನು ಹೊತ್ತ ಒಂದು ಬಾಯಿ ಸಂದರ್ಶನದ ಕುರ್ಚಿಯಲ್ಲಿ ಕೂತರೆ ‘ಕಮ್ಯುನಿಕೇಷನ್ ವೀಕ್’ ಎಂದು ಬರೆದು ಕಳಿಸುತ್ತಾರೆ. ಪುಸ್ತಕದಲ್ಲಿದ್ದಾಗ ಸಂವೇದನೆ, ಮನುಷ್ಯನ ಬಾಯಲ್ಲಿದ್ದಾಗ ದೋಷ! ಈ ಇಬ್ಬಂದಿತನವನ್ನು ನಮ್ಮ ವಿಮರ್ಶೆ ಬಿಡಿಸಿ ಹೇಳಬೇಕಿತ್ತು.

ಮೂರನೆಯದು ಆ ಪ್ರಸಿದ್ಧ ಪ್ರಶ್ನೆ. ‘ನಿಮ್ಮ ಬಗ್ಗೆ ಹೇಳಿ.’ ತಂದೆ ಬ್ಯಾಂಕು, ತಾಯಿ ಪ್ರಾಧ್ಯಾಪಕಿ, ನನಗೆ ಚೆಸ್ ಎಂದರೆ ಇಷ್ಟ ಎನ್ನುವವರಿಗೆ ಇದು ತೀರ ಸುಲಭದ ಪ್ರಶ್ನೆ. ಅದಕ್ಕೇ ಮೊದಲು ಕೇಳುತ್ತಾರೆ, ಹುಡುಗ ನಿರಾಳವಾಗಲಿ ಅಂತ. ನಮ್ಮ ಹುಡುಗನಿಗೆ ಇಡೀ ಸಂದರ್ಶನದಲ್ಲಿ ಇದೇ ಕಷ್ಟದ ಪ್ರಶ್ನೆ. ಊರಿನ ಹೆಸರು ಹೇಳಬೇಕೇ? ಅಪ್ಪ ಕೂಲಿ ಅನ್ನಬೇಕೇ, ವ್ಯವಸಾಯ ಅನ್ನಬೇಕೇ? ಓದಿದ ಹಾಸ್ಟೆಲಿನ ಹೆಸರು ಹೇಳಿದರೆ ಜಾತಿ ಹೇಳಿದಂತಾಗುವುದಿಲ್ಲವೇ? ಅವನು ತಡವರಿಸುತ್ತಾನೆ. ಮೇಜಿನ ಆಚೆ ಕೂತವರು ಅದನ್ನು ಭಾಷೆಯ ತಡವರಿಕೆ ಎಂದು ಬರೆದುಕೊಳ್ಳುತ್ತಾರೆ. ಅಲ್ಲಿ ಪದಗಳ ಕೊರತೆಯಿಲ್ಲ. ಯಾವ ಮಾತು ಆಡಿದರೆ ಬಾಗಿಲು ಮುಚ್ಚುತ್ತದೆ ಎಂದು ಅವನು ಒಳಗೇ ಲೆಕ್ಕ ಹಾಕುತ್ತಿದ್ದಾನೆ.

3

ಸಂದರ್ಶನ ಎನ್ನುವುದು ನಿನ್ನೆ ಮೊನ್ನೆ ಅಮೆರಿಕದಿಂದ ಬಂದದ್ದಲ್ಲ. ನಮ್ಮ ರಾಜ್ಯದಲ್ಲೇ ಇದಕ್ಕೆ ನೂರು ವರ್ಷದ ಜಗಳವಿದೆ. ಸರ್ಕಾರಿ ಕೆಲಸಗಳಲ್ಲಿ ಬ್ರಾಹ್ಮಣೇತರರಿಗೆ ಪಾಲು ಬೇಕೆಂದು ಪ್ರಜಾಮಿತ್ರ ಮಂಡಳಿಯವರು ಕೇಳಿದರು. ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ಲೆಸ್ಲಿ ಮಿಲ್ಲರ್ ಸಮಿತಿಯನ್ನು ನೇಮಿಸಿದರು. ದಕ್ಷತೆ ಹಾಳಾಗುತ್ತದೆ ಎಂಬುದು ದಿವಾನ್ ವಿಶ್ವೇಶ್ವರಯ್ಯನವರ ವಾದ. ಅವರು ಅದೇ ವರ್ಷ ದಿವಾನಗಿರಿ ಬಿಟ್ಟರು. 1919ರಲ್ಲಿ ವರದಿ ಬಂತು. ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧ, ಕೆಳಗಿನ ಹುದ್ದೆಗಳಲ್ಲಿ ಮೂರನೇ ಎರಡು ಪಾಲು ಹಿಂದುಳಿದ ಸಮುದಾಯಗಳಿಗೆ ಸಿಗಬೇಕೆಂದು ಅದು ಹೇಳಿತು. ಅಂದಿನಿಂದ ಇಂದಿನವರೆಗೆ ‘ದಕ್ಷತೆ’ ಎಂಬ ಶಬ್ದ ಒಂದೇ ಕೆಲಸ ಮಾಡುತ್ತಾ ಬಂದಿದೆ. ಅಂದು ಅದನ್ನು ಎಫಿಷಿಯೆನ್ಸಿ ಅಂದರು, ಆಮೇಲೆ ಮೆರಿಟ್ ಅಂದರು, ಈಗ ಸಾಫ್ಟ್ ಸ್ಕಿಲ್ಸ್ ಅನ್ನುತ್ತಾರೆ.

1963ರಲ್ಲಿ ಮೈಸೂರು ಸರ್ಕಾರ ಇಂಜಿನಿಯರಿಂಗ್, ಮೆಡಿಕಲ್ ಸೀಟುಗಳಿಗೂ ಸಂದರ್ಶನ ಇಟ್ಟಿತು. ಐಚ್ಛಿಕ ವಿಷಯಗಳ ಗರಿಷ್ಠ ಅಂಕದ ಶೇ. 25ರಷ್ಟು ಅಂಕ ಸಂದರ್ಶನಕ್ಕೆ. ಏನನ್ನು ನೋಡಬೇಕು? ಸಾಮಾನ್ಯ ಜ್ಞಾನ, ವ್ಯಕ್ತಿತ್ವ, ಎನ್.ಸಿ.ಸಿ., ಕ್ರೀಡೆ, ಚರ್ಚಾಸ್ಪರ್ಧೆ, ನಾಟಕ. ಹೊಲದಲ್ಲಿ ಕೆಲಸ ಮಾಡಿ ಪರೀಕ್ಷೆ ಬರೆದವನಿಗೆ ಎಲ್ಲಿಯ ಚರ್ಚಾಸ್ಪರ್ಧೆ, ಎಲ್ಲಿಯ ನಾಟಕ? ಚಿತ್ರಲೇಖ ಮೊಕದ್ದಮೆಯಲ್ಲಿ ಇದು ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1964ರಲ್ಲಿ ಬಹುಮತದ ತೀರ್ಪು ಸಂದರ್ಶನವನ್ನು ಎತ್ತಿಹಿಡಿಯಿತು. ಇಲ್ಲಿ ಒಂದು ಮಾತನ್ನು ಪ್ರಾಮಾಣಿಕವಾಗಿ ಹೇಳಬೇಕು. ಕೋರ್ಟಿಗೆ ಹೋದವರು ನಮ್ಮವರಲ್ಲ. ಒಳ್ಳೆ ಅಂಕ ಬಂದೂ ಸೀಟು ತಪ್ಪಿದವರು, ಸಂದರ್ಶನದಲ್ಲಿ ಅಧಿಕಾರಸ್ಥರು ತಮಗೆ ಬೇಕಾದವರಿಗೆ ಅಂಕ ಹಾಕುತ್ತಾರೆ ಎಂಬ ದೂರಿಟ್ಟುಕೊಂಡು ಹೋದವರು. ಅಂದರೆ ಸಂದರ್ಶನದ ಅಂಕ ಯಾರ ಕೈಯಲ್ಲಿದೆಯೋ ಅವರ ಆಯುಧ. ಮಾತಿಗೆ ಅಂಕ ಹಾಕುವ ಅಧಿಕಾರಕ್ಕೆ ಲೆಕ್ಕಪತ್ರವೇ ಇಲ್ಲ. ಇದು ಇಂದು ಅವರನ್ನು ಹೊಡೆದರೂ ನಾಳೆ ನಮ್ಮನ್ನು ಹೊಡೆಯುತ್ತದೆ.

ಹದಿನಾರು ವರ್ಷದ ನಂತರ, 1980ರಲ್ಲಿ, ಅಜಯ್ ಹಾಸಿಯಾ ಮೊಕದ್ದಮೆಯಲ್ಲಿ ಅದೇ ಕೋರ್ಟು ಕಣ್ಣು ತೆರೆಯಿತು. ಅದು ಶ್ರೀನಗರದ ಇಂಜಿನಿಯರಿಂಗ್ ಕಾಲೇಜಿನ ವಿಷಯ. ನಮ್ಮ ಹನುಮಂತನಗರದ ಪಕ್ಕದ ಶ್ರೀನಗರವಲ್ಲ, ಕಾಶ್ಮೀರದ್ದು. ಅಲ್ಲಿ ಲಿಖಿತ ಪರೀಕ್ಷೆಗೆ 100 ಅಂಕ, ಸಂದರ್ಶನಕ್ಕೆ 50. ಒಬ್ಬೊಬ್ಬರಿಗೆ ಸಿಕ್ಕಿದ್ದು ಎರಡು ಮೂರು ನಿಮಿಷ. ಕೇಳಿದ್ದು ಅಪ್ಪ ಯಾರು, ಮನೆ ಎಲ್ಲಿ ಎಂಬಂಥ ಪ್ರಶ್ನೆ. ಮೂರನೇ ಒಂದು ಪಾಲು ಅಂಕವನ್ನು ಸಂದರ್ಶನಕ್ಕಿಡುವುದು ಸ್ವೇಚ್ಛಾಚಾರ, ಶೇ. 15ಕ್ಕಿಂತ ಹೆಚ್ಚು ಸಲ್ಲದು, ಸಂದರ್ಶನವನ್ನು ಟೇಪಿನಲ್ಲಿ ದಾಖಲಿಸಿದರೆ ಒಳ್ಳೆಯದು ಎಂದು ಕೋರ್ಟು ಹೇಳಿತು.

ಸರ್ಕಾರಿ ಸಂದರ್ಶನಕ್ಕೆ ಹೀಗೆ ಒಂದಿಷ್ಟಾದರೂ ಕಡಿವಾಣ ಬಿತ್ತು. ಆದರೆ ಕೆಲಸಗಳು ಸರ್ಕಾರದಿಂದ ಖಾಸಗಿಗೆ ಜಾರಿದವು. ಅಲ್ಲಿ ಮೀಸಲಾತಿಯಿಲ್ಲ, ಶೇ. 15ರ ಮಿತಿಯಿಲ್ಲ, ಟೇಪಿಲ್ಲ, ‘ಯಾಕೆ ತಗೊಳ್ಳಲಿಲ್ಲ’ ಎಂದು ಕೇಳುವ ಹಕ್ಕೂ ಇಲ್ಲ. ಅಪ್ಪ ಯಾರು, ಮನೆ ಎಲ್ಲಿ ಎಂಬ ಪ್ರಶ್ನೆ ಮಾತ್ರ ಹಾಗೇ ಉಳಿಯಿತು. ಸುರಿಂದರ್ ಜೋಧ್ಕಾ ಮತ್ತು ಕ್ಯಾಥರಿನ್ ನ್ಯೂಮನ್ ದೆಹಲಿಯಲ್ಲಿ ದೊಡ್ಡ ಕಂಪನಿಗಳ 25 ಮಂದಿ ನೇಮಕಾತಿ ಅಧಿಕಾರಿಗಳನ್ನು ಮಾತಾಡಿಸಿ 2007ರಲ್ಲಿ ಬರೆದರು. ನಮಗೆ ಜಾತಿ ಮುಖ್ಯವಲ್ಲ, ಮೆರಿಟ್ ಒಂದೇ ಮುಖ್ಯ ಎನ್ನುತ್ತಿದ್ದವರೇ ಅಭ್ಯರ್ಥಿಯ ‘ಕುಟುಂಬದ ಹಿನ್ನೆಲೆ’ಯನ್ನು ತಪ್ಪದೆ ಕೇಳುತ್ತಿದ್ದರು. ಒಳ್ಳೆಯ ಮನೆಯಿಂದ ಬಂದವನು ಒಳ್ಳೆಯ ಕೆಲಸಗಾರ ಎಂಬುದು ಅವರ ನಂಬಿಕೆ. ವಂಶ ನೋಡಿ ಯೋಗ್ಯತೆ ಹೇಳುವುದಕ್ಕೆ ನಮ್ಮ ದೇಶದಲ್ಲಿ ಬೇರೊಂದು ಹೆಸರಿತ್ತು.

4

ಇನ್ನು ‘ನೆಟ್‌ವರ್ಕಿಂಗ್’. ಇದನ್ನು ಕನ್ನಡದಲ್ಲಿ ಹೇಗೆ ಹೇಳುವುದು ಎಂದು ಹಳ್ಳಿಯ ಮೇಷ್ಟರು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ನಮ್ಮಲ್ಲಿ ಹಳೆಯ ಶಬ್ದವಿದೆ: ವಶೀಲಿ. ಬಡವನು ಮಾಡಿದರೆ ವಶೀಲಿ, ಸೂಟು ಹಾಕಿದವನು ಮಾಡಿದರೆ ನೆಟ್‌ವರ್ಕಿಂಗ್.

ಈ ಬಗ್ಗೆ ಶಾಸ್ತ್ರೀಯವಾಗಿ ಮೊದಲು ಬರೆದವರಲ್ಲಿ ಮಾರ್ಕ್ ಗ್ರಾನೊವೆಟರ್ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞ ಒಬ್ಬ. 1973ರಲ್ಲಿ ಅವನೊಂದು ಲೇಖನ ಬರೆದ, 1974ರಲ್ಲಿ ಪುಸ್ತಕ. ಒಂದು ಊರಿನ 282 ನೌಕರರನ್ನು ವಿಚಾರಿಸಿದಾಗ ಅರ್ಧಕ್ಕಿಂತ ಹೆಚ್ಚು ಜನರಿಗೆ ಕೆಲಸ ಸಿಕ್ಕಿದ್ದು ಪರಿಚಯದವರಿಂದ. ಅದರಲ್ಲೂ ಹತ್ತಿರದ ನೆಂಟರಿಗಿಂತ ಅಪರೂಪಕ್ಕೆ ಸಿಗುವ ದೂರದ ಪರಿಚಯಸ್ಥರೇ ಹೆಚ್ಚು ಕೆಲಸಕ್ಕೆ ಬಂದರು. ಯಾಕೆಂದರೆ ಹತ್ತಿರದವರಿಗೆ ಗೊತ್ತಿರುವ ಸುದ್ದಿ ನಮಗೂ ಗೊತ್ತಿರುತ್ತದೆ. ಹೊಸ ಸುದ್ದಿ ಬರುವುದು ದೂರದವರಿಂದ. ಇವತ್ತಿನ ಲಿಂಕ್ಡ್‌ಇನ್ ನಿಂತಿರುವುದೂ ಇದೇ ತತ್ವದ ಮೇಲೆ.

ತತ್ವ ಸರಿಯೇ. ಆದರೆ ನಮ್ಮ ದೇಶದಲ್ಲಿ ದೂರದ ಪರಿಚಯಸ್ಥರು ಹೇಗೆ ಹುಟ್ಟುತ್ತಾರೆ? ಮದುವೆಮನೆಯಲ್ಲಿ, ಮಠದಲ್ಲಿ, ಮುಂಜಿಯಲ್ಲಿ, ಸಂಘದ ಹಾಸ್ಟೆಲಿನಲ್ಲಿ, ಸಂಗೀತ ಕಛೇರಿಯಲ್ಲಿ, ಬಾಡಿಗೆ ಮನೆಯ ಪಕ್ಕದ ಮನೆಯಲ್ಲಿ. ಬಸವನಗುಡಿ ಬಡಾವಣೆಗೆ 1892ರಲ್ಲಿ ಯೋಜನೆಯಾಗಿ 1898ರ ಪ್ಲೇಗಿನ ನಂತರ ಅದು ಬೆಳೆಯಿತು. ಅಲ್ಲಿಂದ ಹನುಮಂತನಗರದವರೆಗೆ ಸರ್ಕಾರಿ ಗುಮಾಸ್ತರು, ಮೇಷ್ಟರು, ಬ್ಯಾಂಕಿನವರು ಮನೆ ಕಟ್ಟಿಕೊಂಡು ನೆಲೆಸಿದರು. ಟೈಪಿಂಗ್, ಶಾರ್ಟ್‌ಹ್ಯಾಂಡ್ ಕಲಿತ ಮಗನಿಗೆ ಕಚೇರಿಯಲ್ಲಿ ಜಾಗ ಖಾಲಿಯಾದ ಸುದ್ದಿ ಗಾಂಧಿಬಜಾರಿನಲ್ಲಿ ಕಾಫಿ ಕುಡಿಯುವಾಗ ಕಿವಿಗೆ ಬೀಳುತ್ತಿತ್ತು. ಅವರು ಅದಕ್ಕೆ ಯಾವ ತರಬೇತಿಯನ್ನೂ ಪಡೆಯಬೇಕಿರಲಿಲ್ಲ. ಬೀದಿಯೇ ಅವರ ಉದ್ಯೋಗ ವಿನಿಮಯ ಕೇಂದ್ರ. ಉಳಿದ ಬಲಿಷ್ಠ ಸಮುದಾಯಗಳೂ ಇದನ್ನು ಬೇಗ ಅರ್ಥ ಮಾಡಿಕೊಂಡವು. 1905ರಲ್ಲಿ ಲಿಂಗಾಯತರ ವಿದ್ಯಾಭಿವೃದ್ಧಿ ಸಂಸ್ಥೆ, 1906ರಲ್ಲಿ ಒಕ್ಕಲಿಗರ ಸಂಘ. ಹಾಸ್ಟೆಲು ಕಟ್ಟಿದರು, ಹುಡುಗರನ್ನು ಓದಿಸಿದರು, ಓದಿದವನು ಮುಂದಿನವನಿಗೆ ದಾರಿ ತೋರಿಸಿದ.

ನಮಗೂ ಹಾಸ್ಟೆಲುಗಳು ಬಂದವು. ಸಿದ್ಧಲಿಂಗಯ್ಯನವರ ‘ಊರುಕೇರಿ’ ಓದಿದವರಿಗೆ ಗೋಪಾಲಸ್ವಾಮಿ ಅಯ್ಯರ್ ಹಾಸ್ಟೆಲು ಗೊತ್ತು. ಆ ಹಾಸ್ಟೆಲುಗಳಿಂದ ಕವಿಗಳು ಬಂದರು, ಹೋರಾಟಗಾರರು ಬಂದರು. ಆದರೆ ಕಂಪನಿಯ ಒಳಗಿನ ಸುದ್ದಿ ಹೊರಗೆ ತರುವ ಅಣ್ಣ ಅಕ್ಕಂದಿರು ಅಲ್ಲಿ ವಿರಳ. ಇನ್ನು ಬಾಡಿಗೆ ಮನೆ ಹುಡುಕಿ ಹೊರಟರೆ ‘ಸಸ್ಯಾಹಾರಿಗಳಿಗೆ ಮಾತ್ರ’ ಎಂಬ ಬೋರ್ಡು. ಅದಿಲ್ಲದ ಕಡೆ ‘ನೀವು ಯಾವ ಪೈಕಿ?’ ಎಂಬ ನಯವಾದ ಮಾತು. ಯಾವ ಬೀದಿಯಲ್ಲಿ ವಾಸಿಸಲು ಬಿಡುವುದಿಲ್ಲವೋ ಆ ಬೀದಿಯವರ ಜೊತೆ ‘ನೆಟ್‌ವರ್ಕ್ ಮಾಡಿಕೋ’ ಎಂದು ಹೇಳುವುದು ಎಂಥ ಬುದ್ಧಿವಾದ?

ಇದು ಬರೀ ಹೊಟ್ಟೆಯುರಿಯ ಮಾತು ಅನ್ನುವವರಿಗೆ ಲೆಕ್ಕ ಕೊಡೋಣ. ಸುಖದೇವ್ ಥೋರಟ್ ಮತ್ತು ಪಾಲ್ ಅಟ್ಟೆವೆಲ್ 2005ರ ಅಕ್ಟೋಬರಿನಿಂದ 66 ವಾರ ಖಾಸಗಿ ಕಂಪನಿಗಳ 548 ಜಾಹೀರಾತುಗಳಿಗೆ 4,808 ಅರ್ಜಿ ಹಾಕಿಸಿದರು. ವಿದ್ಯೆ ಒಂದೇ, ಅನುಭವ ಒಂದೇ, ಹೆಸರು ಮಾತ್ರ ಬೇರೆ. 2007ರಲ್ಲಿ ಪ್ರಕಟವಾದ ಫಲಿತಾಂಶ ಇದು: ಮೇಲ್ಜಾತಿಯ ಹೆಸರಿಗೆ ಹೋಲಿಸಿದರೆ ದಲಿತ ಹೆಸರಿಗೆ ಕರೆ ಬರುವ ಸಂಭವ ಸುಮಾರು ಮೂರರಲ್ಲಿ ಎರಡು ಪಾಲು, ಮುಸ್ಲಿಂ ಹೆಸರಿಗೆ ಮೂರರಲ್ಲಿ ಒಂದು ಪಾಲು. ಇಲ್ಲಿ ಯಾರೂ ಬಾಯಿ ಬಿಟ್ಟಿರಲಿಲ್ಲ. ಅರ್ಜಿಯ ಕಾಗದಕ್ಕೆ ಉಚ್ಚಾರಣೆ ಇರುವುದಿಲ್ಲ.

ಇನ್ನೊಂದು ಅಧ್ಯಯನ ನಮ್ಮ ವಾದಕ್ಕೆ ವಿರುದ್ಧ ಎನ್ನುವವರಿದ್ದಾರೆ. ಅದನ್ನೂ ಮುಚ್ಚಿಡಬಾರದು. ಅಭಿಜಿತ್ ಬ್ಯಾನರ್ಜಿ ಮತ್ತು ಸಂಗಡಿಗರು ದೆಹಲಿ ಸುತ್ತ ಇದೇ ರೀತಿ ಅರ್ಜಿ ಕಳಿಸಿ 2009ರಲ್ಲಿ ಪ್ರಕಟಿಸಿದರು. ಸಾಫ್ಟ್‌ವೇರ್ ಕೆಲಸಗಳಿಗೆ ಹೆಸರಿನಿಂದ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಕಾಲ್ ಸೆಂಟರ್ ಕೆಲಸಗಳಿಗೆ ಮಾತ್ರ ಹಿಂದುಳಿದವರ ಹೆಸರಿಗೆ, ಸ್ವಲ್ಪ ಮಟ್ಟಿಗೆ ದಲಿತ ಹೆಸರಿಗೆ, ಕರೆ ಕಡಿಮೆ ಬಂತು. ಇದು ನಮ್ಮ ವಿರುದ್ಧವೇ? ಗಮನವಿಟ್ಟು ಓದಿ. ಕೈಕೆಲಸವನ್ನು ಅಳೆಯುವ ಕಡೆ ಹೆಸರಿನ ತೂಕ ಕಡಿಮೆಯಾಗಿದೆ. ಬಾಯಿಯನ್ನು ಅಳೆಯುವ ಕಡೆ ಹೆಸರು ತೂಕಕ್ಕೆ ಬಂದಿದೆ. ‘ಸಂವಹನ’ ಎಂಬ ಬಾಗಿಲಿನ ಹಿಂದೆ ಜಾತಿ ಅಡಗಿ ಕೂರುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ? ಬೆಂಗಳೂರಿನ ಸಾಫ್ಟ್‌ವೇರ್ ನೌಕರರನ್ನು ಅಧ್ಯಯನ ಮಾಡಿದ ಕ್ಯಾರೊಲ್ ಉಪಾಧ್ಯ 2007ರಲ್ಲಿ ಬರೆದದ್ದೂ ಇದನ್ನೇ. ಮೆರಿಟ್ಟಿನ ಉದ್ಯಮವೆಂದು ಹೇಳಿಕೊಳ್ಳುವ ಕಡೆ ಬಹುಪಾಲು ಜನ ನಗರದ, ಮಧ್ಯಮವರ್ಗದ, ಮೇಲ್ಜಾತಿಯ ಮನೆಗಳಿಂದ ಬಂದವರು. ಕಂಪನಿಗಳ ತುದಿಗೆ ಹೋದರೆ ಚಿತ್ರ ಇನ್ನೂ ಸ್ಪಷ್ಟ. ದೇಶದ 1,000 ದೊಡ್ಡ ಕಂಪನಿಗಳ ನಿರ್ದೇಶಕರನ್ನು ಎಣಿಸಿ 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಶೇ. 90ಕ್ಕಿಂತ ಹೆಚ್ಚು ಮಂದಿ ಮೇಲ್ಜಾತಿಯವರು. ಪರಿಶಿಷ್ಟ ಜಾತಿ ಪಂಗಡಗಳು ಸೇರಿ ಶೇ. 4ನ್ನೂ ಮುಟ್ಟಲಿಲ್ಲ. ಇಂಥ ಕಂಪನಿಗಳು ‘ನಿಮ್ಮ ಪರಿಚಯದವರನ್ನು ಕರೆತನ್ನಿ’ ಎಂದು ನೌಕರರಿಗೆ ಬಹುಮಾನ ಕೊಟ್ಟರೆ ಯಾರು ಯಾರನ್ನು ಕರೆತರುತ್ತಾರೆ? ಇದನ್ನು ರೆಫರಲ್ ಎನ್ನುತ್ತಾರೆ. ಸರ್ಕಾರಿ ಕಚೇರಿಯಲ್ಲಿ ನಡೆದಿದ್ದರೆ ಸ್ವಜನಪಕ್ಷಪಾತ ಎನ್ನುತ್ತಿದ್ದರು.

5

ಹಾಗಾದರೆ ಏನು ಮಾಡೋದು? ಸ್ಪೋಕನ್ ಇಂಗ್ಲಿಷಿನ ಬೋರ್ಡುಗಳಿಗೆ ಮಸಿ ಬಳಿಯೋದೇ?

ಇಲ್ಲಿ ಬಸವಲಿಂಗಪ್ಪನವರನ್ನು ನೆನೆಯಬೇಕು. 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಅವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದರು, ದಲಿತ ಹುಡುಗರು ಇಂಗ್ಲಿಷ್ ಕಲಿಯಬೇಕೆಂದರು. ಕನ್ನಡದ ಹೆಸರಿನಲ್ಲಿ ಗಲಭೆ ಎಬ್ಬಿಸಿದರು, ಹಾಸ್ಟೆಲುಗಳಲ್ಲಿ ನಮ್ಮ ವಿದ್ಯಾರ್ಥಿಗಳು ಪೆಟ್ಟು ತಿಂದರು, ಅವರು ಮಂತ್ರಿಗಿರಿ ಕಳೆದುಕೊಂಡರು. ಆ ಕಿಚ್ಚಿನಿಂದಲೇ ದಲಿತ ಸಂಘರ್ಷ ಸಮಿತಿಗೂ ಈ ಸಾಹಿತ್ಯಕ್ಕೂ ಬಲ ಬಂತು. ಆದರೆ ಅಂದು ಕನ್ನಡಕ್ಕಾಗಿ ಕಲ್ಲು ತೂರಿದ ವರ್ಗ ಆಮೇಲೆ ತನ್ನ ಮಕ್ಕಳನ್ನು ಎಲ್ಲಿಗೆ ಕಳಿಸಿತು? ಕಾನ್ವೆಂಟಿಗೆ. ಬಸವಲಿಂಗಪ್ಪನವರ ಸಲಹೆಯನ್ನು ಅವರನ್ನು ಬೈದವರೇ ಪಾಲಿಸಿದರು. ನಾವು ಬೂಸಾ ಎಂಬ ಶಬ್ದವನ್ನು ಹಿಡಿದುಕೊಂಡೆವು, ಸಲಹೆಯನ್ನು ಅರ್ಧಕ್ಕೇ ಬಿಟ್ಟೆವು.

ಆದ್ದರಿಂದ ಕಲಿಯಬೇಕು. ಇಂಗ್ಲಿಷನ್ನೂ ಕಲಿಯಬೇಕು, ಅರ್ಜಿ ಬರೆಯುವುದನ್ನೂ ಕಲಿಯಬೇಕು. ಆದರೆ ಭಾವಿಗೆ ಹಗ್ಗ ಬೇಕಾದಂತೆ ಕಲಿಯಬೇಕು, ಕೊರಳಿಗೆ ತಾಯಿತ ಕಟ್ಟಿಕೊಂಡಂತೆ ಅಲ್ಲ. ತರಬೇತಿಯವನು ‘ನೀನು ಬದಲಾದರೆ ಲೋಕ ಬದಲಾಗುತ್ತದೆ’ ಎನ್ನುತ್ತಾನೆ. ಅದು ಸುಳ್ಳು. ಅಂಬೇಡ್ಕರರಿಗಿಂತ ಚೆನ್ನಾಗಿ ಇಂಗ್ಲಿಷ್ ಬಲ್ಲವರು 1917ರ ಬರೋಡದಲ್ಲಿ ಎಷ್ಟು ಜನ ಇದ್ದರು? ಕೊಲಂಬಿಯದಲ್ಲಿ ಓದಿ ಬಂದವರಿಗೆ ಆ ಊರಿನಲ್ಲಿ ಇರಲು ಒಂದು ಕೋಣೆ ಸಿಗಲಿಲ್ಲ. ಪಾರ್ಸಿಗಳ ವಸತಿಯಿಂದ ಹೊರದಬ್ಬಿದರು. ಅವರಿಗೆ ಯಾವ ಕೌಶಲ್ಯ ಕಡಿಮೆಯಿತ್ತು ಹೇಳಿ.

ನಮ್ಮ ಕಡೆಯ ತಪ್ಪೂ ಇದೆ. ನಮ್ಮ ಚಳವಳಿ ಘೋಷಣೆ ಕೂಗುವುದನ್ನು ಕಲಿಸಿತು, ಮನವಿ ಪತ್ರ ಬರೆಯುವುದನ್ನು ಕಲಿಸಿತು. ಕೆಲಸಕ್ಕೆ ಅರ್ಜಿ ಬರೆಯುವುದನ್ನು ಕಲಿಸಲಿಲ್ಲ. ಕೆಲಸ ಹುಡುಕುವುದನ್ನೇ ಸ್ವಾರ್ಥವೆಂದು ನೋಡಿತು. ಇತ್ತ ಕೆಲಸ ಸಿಕ್ಕಿದವನು ಬಡಾವಣೆ ಸೇರಿದ, ಊರಿನ ಹೆಸರು ಮರೆತ, ಹಾಸ್ಟೆಲಿನ ಹುಡುಗ ಫೋನು ಮಾಡಿದರೆ ಎತ್ತಲಿಲ್ಲ. 1956ರಲ್ಲಿ ಆಗ್ರಾದಲ್ಲಿ ಬಾಬಾಸಾಹೇಬರು ಓದಿದ ನಮ್ಮವರ ಬಗ್ಗೆಯೇ ನೊಂದು ಮಾತಾಡಿದರು. ಆ ನೋವು ಇನ್ನೂ ಹಳತಾಗಿಲ್ಲ.

6

ನಮಗೆ ಬೇಕಾದದ್ದು ನೆಟ್‌ವರ್ಕಿಂಗ್ ಅಲ್ಲ, ಸಂಘಟನೆ. ನೆಟ್‌ವರ್ಕ್ ಮಾಡುವವನು ಸುದ್ದಿಯನ್ನು ತನ್ನ ಕಿಸೆಯಲ್ಲಿಟ್ಟುಕೊಂಡು ಬೇಕಾದವನಿಗೆ ಕೊಡುತ್ತಾನೆ. ಸಂಘಟನೆ ಸುದ್ದಿಯನ್ನು ಗೋಡೆಯ ಮೇಲೆ ಬರೆಯುತ್ತದೆ. ಕೆಲವು ಕೆಲಸಗಳನ್ನು ಈ ತಿಂಗಳೇ ಶುರು ಮಾಡಬಹುದು.

ಪ್ರತಿ ಹಾಸ್ಟೆಲಿನಲ್ಲಿ ಒಂದು ಪುಸ್ತಕ ಇಡಿ. ಇಲ್ಲಿ ಓದಿ ಹೋದವರು ಈಗ ಎಲ್ಲಿದ್ದಾರೆ, ಯಾವ ಕೆಲಸದಲ್ಲಿದ್ದಾರೆ ಎಂದು ಅವರ ಒಪ್ಪಿಗೆ ಪಡೆದು ಬರೆಯಿರಿ. ಕೆಲಸದಲ್ಲಿರುವ ಪ್ರತಿಯೊಬ್ಬರೂ ತಮ್ಮ ಕಚೇರಿಯಲ್ಲಿ ಜಾಗ ಖಾಲಿಯಾದ ದಿನವೇ ಅಲ್ಲಿಗೆ ತಿಳಿಸಲಿ. ದಾನ ಧರ್ಮ ಬೇಡ, ಸುದ್ದಿ ಸಾಕು. ಗ್ರಾನೊವೆಟರ್ ಹೇಳಿದ ದೂರದ ಪರಿಚಯ ಎಂದರೆ ಇಷ್ಟೇ. ಹಳ್ಳಿಯ ಮೇಷ್ಟರಾದ ನೀವು ಮನಸ್ಸು ಮಾಡಿದರೆ ಹತ್ತು ವರ್ಷದ ಹಳೆಯ ವಿದ್ಯಾರ್ಥಿಗಳನ್ನು ಒಂದೇ ವಾಟ್ಸಾಪ್ ಗುಂಪಿಗೆ ತರಬಲ್ಲಿರಿ.

ಅರ್ಜಿಯಲ್ಲಿ, ಬಯೋಡೇಟಾದಲ್ಲಿ ನಮ್ಮ ಹುಡುಗರು ‘ಅನುಭವ: ಇಲ್ಲ’ ಎಂದು ಬರೆಯುತ್ತಾರೆ. ಯಾಕೆ ಇಲ್ಲ? ಮೆಸ್ ಕಮಿಟಿಯಲ್ಲಿ ನೂರು ಹುಡುಗರ ರೇಷನ್ ಲೆಕ್ಕ ಒಂದು ವರ್ಷ ನೋಡಿದವನಿಗೆ ದಾಸ್ತಾನು ನಿರ್ವಹಣೆ ಗೊತ್ತು. ನೀರಿಗಾಗಿ ತಹಶೀಲ್ದಾರರಿಗೆ ಮನವಿ ಬರೆದು, ಐದು ಸಲ ಅಲೆದು, ನಲ್ಲಿ ಹಾಕಿಸಿದ ಹುಡುಗಿಗೆ ಪತ್ರವ್ಯವಹಾರ ಗೊತ್ತು, ಎದುರಿನವರ ಜೊತೆ ವ್ಯವಹರಿಸುವುದು ಗೊತ್ತು. ಯಾವ ಕೆಲಸ, ಎಷ್ಟು ಜನಕ್ಕೆ, ಎಷ್ಟು ದಿನ, ಫಲವೇನು ಎಂದು ನಾಲ್ಕು ಸಾಲಿನಲ್ಲಿ ಬರೆಯಿರಿ. ‘ನಿಮ್ಮ ಬಗ್ಗೆ ಹೇಳಿ’ ಎಂಬ ಪ್ರಶ್ನೆಗೂ ಇದೇ ಉತ್ತರ. ಅಪ್ಪನಿಂದ ಶುರು ಮಾಡಬೇಕೆಂಬ ನಿಯಮವಿಲ್ಲ. ಮಾಡಿದ ಕೆಲಸದಿಂದ ಶುರು ಮಾಡಿ, ಕೇಳಿದ ಹುದ್ದೆಗೆ ಅದು ಹೇಗೆ ಒದಗುತ್ತದೆ ಎಂಬಲ್ಲಿಗೆ ನಿಲ್ಲಿಸಿ. ಎರಡು ನಿಮಿಷ ಸಾಕು. ಅಪ್ಪನ ಕೂಲಿಯನ್ನು ಹೇಳಬೇಕೆನಿಸಿದರೆ ತಲೆ ಎತ್ತಿ ಹೇಳಿ, ಬೇಡವೆನಿಸಿದರೆ ಬಿಡಿ. ಆ ಆಯ್ಕೆ ನಿಮ್ಮದು, ಮೇಜಿನ ಆಚೆಯವರದ್ದಲ್ಲ.

ಇದನ್ನು ಒಬ್ಬೊಬ್ಬರೇ ಕನ್ನಡಿಯ ಮುಂದೆ ಅಭ್ಯಾಸ ಮಾಡಬೇಡಿ. ನಾಲ್ಕು ಜನ ಕೂತು, ಒಬ್ಬ ಕೇಳಿ ಒಬ್ಬ ಉತ್ತರಿಸಿ, ಉಳಿದವರು ತಿದ್ದಿ. ಸಂದರ್ಶನದಿಂದ ಬಂದವನು ಕೇಳಿದ ಪ್ರಶ್ನೆಗಳನ್ನೆಲ್ಲ ಅದೇ ದಿನ ಬರೆದಿಡಲಿ. ಕುಟುಂಬದ ಪ್ರಶ್ನೆ, ಊಟದ ಪ್ರಶ್ನೆ, ‘ಯಾವ ಪೈಕಿ’ ಎಂಬ ಪ್ರಶ್ನೆ ಎಲ್ಲವೂ ದಾಖಲಾಗಲಿ. ಹತ್ತು ಹಾಸ್ಟೆಲಿನ ಪುಸ್ತಕಗಳು ಸೇರಿದರೆ ಅದೇ ನಮ್ಮ ಸಾಕ್ಷ್ಯ.

ಇಷ್ಟಕ್ಕೇ ನಿಂತರೆ ನಾವೂ ಇನ್ನೊಂದು ತರಬೇತಿ ಕೇಂದ್ರವಾಗುತ್ತೇವೆ. ಖಾಲಿ ಹುದ್ದೆಯ ಸುದ್ದಿ ಸಾರ್ವಜನಿಕವಾಗಬೇಕೆಂದು 1959ರಲ್ಲೇ ಕಾನೂನಾಗಿತ್ತು. 25 ಅಥವಾ ಹೆಚ್ಚು ನೌಕರರಿರುವ ಖಾಸಗಿ ಸಂಸ್ಥೆಗಳು ಕೂಡ ಖಾಲಿ ಜಾಗಗಳನ್ನು ಉದ್ಯೋಗ ವಿನಿಮಯ ಕೇಂದ್ರಕ್ಕೆ ತಿಳಿಸಬೇಕಿತ್ತು. ಅಲ್ಲಿಂದಲೇ ತೆಗೆದುಕೊಳ್ಳಬೇಕೆಂಬ ಕಟ್ಟುಪಾಡು ಮಾತ್ರ ಇರಲಿಲ್ಲ. ಕಾನೂನು ಕಡತದಲ್ಲಿ ಮಲಗಿತು. ಈಗ 2020ರ ಸಾಮಾಜಿಕ ಭದ್ರತಾ ಸಂಹಿತೆ ಅದರ ಜಾಗಕ್ಕೆ ಬಂದು 2025ರ ನವೆಂಬರ್ 21ರಿಂದ ಜಾರಿಯಾಗಿದೆ. ಖಾಲಿ ಹುದ್ದೆ ತಿಳಿಸುವ ಮಾತು ಅದರಲ್ಲೂ ಇದೆ. ಇದನ್ನೂ ಮಲಗಲು ಬಿಡಬಾರದು. ಹುದ್ದೆಗಳನ್ನು ಬಹಿರಂಗವಾಗಿ ಪ್ರಕಟಿಸಿ, ಸಂದರ್ಶನದ ಅಂಕಕ್ಕೆ ಮಿತಿ ಹಾಕಿ, ಸಂದರ್ಶನವನ್ನು ದಾಖಲಿಸಿ, ಯಾವ ಸಮುದಾಯದಿಂದ ಎಷ್ಟು ಜನರನ್ನು ತೆಗೆದುಕೊಂಡಿರಿ ಎಂದು ಲೆಕ್ಕ ಕೊಡಿ ಎಂದು ಖಾಸಗಿಯವರನ್ನೂ ಕೇಳಬೇಕು. ನಿರುದ್ಯೋಗಿ ಪದವೀಧರರಿಗೆ 2024ರ ಜನವರಿಯಿಂದ ಯುವನಿಧಿಯಲ್ಲಿ ತಿಂಗಳಿಗೆ 3,000 ರೂಪಾಯಿ ಕೊಡಲು ಹೊರಟ ಸರ್ಕಾರಕ್ಕೆ, ಆ ಹಣ ತರಬೇತಿ ಕೇಂದ್ರದ ಶುಲ್ಕವಾಗಿ ಕರಗಿಹೋಗದಂತೆ ನೋಡುವ ಹೊಣೆಯೂ ಇದೆ.

ಮಾತಿನ ಶಕ್ತಿ ಏನೆಂದು ನಮಗೆ ಕಲಿಸಬೇಕಾದವರು ಬೇರೆಯವರಲ್ಲ. 2022ರ ಜುಲೈ ಮೊದಲ ವಾರ ಪೌರಕಾರ್ಮಿಕರು ಪೊರಕೆ ಕೆಳಗಿಟ್ಟು ಬೀದಿಗೆ ಕೂತರು. ನಾಲ್ಕು ದಿನ ಮುಷ್ಕರ ನಡೆಯಿತು. ಆಮೇಲೂ ಮೂರು ವರ್ಷ ಹಟ ಬಿಡಲಿಲ್ಲ. 2025ರ ಮೇ 1ರಂದು ಬೆಂಗಳೂರಿನ 12 ಸಾವಿರಕ್ಕೂ ಹೆಚ್ಚು ಪೌರಕಾರ್ಮಿಕರ ಕೈಗೆ ಕಾಯಂ ನೇಮಕಾತಿಯ ಪತ್ರ ಬಂತು. ಅವರಿಗೆ ಯಾರೂ ಕಣ್ಣಲ್ಲಿ ಕಣ್ಣಿಟ್ಟು ಮಾತಾಡುವುದನ್ನು ಹೇಳಿಕೊಟ್ಟಿರಲಿಲ್ಲ. ತಮ್ಮ ನುಡಿಯಲ್ಲೇ, ತಮ್ಮ ದನಿಯಲ್ಲೇ, ಒಟ್ಟಾಗಿ ಮಾತಾಡಿದರು. ಕೇಳಲೇಬೇಕಾದವರು ಕೇಳಿದರು. ಅವರ ಮಕ್ಕಳು ಇಂಗ್ಲಿಷ್ ಕಲಿಯಲಿ, ಕಂಪ್ಯೂಟರ್ ಕಲಿಯಲಿ, ಸಂದರ್ಶನದ ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂರಲಿ. ಒಟ್ಟಾಗಿ ಮಾತಾಡುವ ಈ ತಾಯಂದಿರ ವಿದ್ಯೆಯನ್ನು ಮಾತ್ರ ದೋಷವೆಂದು ತೊಳೆದುಕೊಳ್ಳದಿರಲಿ.